ಇಲ್ಲ ಅಂತ ಹೇಳಿದವಳು

ಬೆಳಿಗ್ಗೆ ಅಂಗಡಿ ತೆಗೆಯುವಾಗ ಅವಳ ಹಣೆಯಲ್ಲಿ ಕುಂಕುಮ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದರ ಸುತ್ತ ಕರಿ ಮಸಿ ಮೆತ್ತಿಕೊಂಡಿರುತ್ತಿತ್ತು. ಜೆರಾಕ್ಸ್ ಮಿಷನ್ನಿನ ಪುಡಿ ಹತ್ತಿದ ಬೆರಳಲ್ಲೇ ಕೂದಲು ಹಿಂದಕ್ಕೆ ತಳ್ಳಿಕೊಳ್ಳುವುದು ಅವಳ ಚಾಳಿ. "ಏನೇ, ಒಲೆ ಊದಿ ಬಂದವಳಂಗೆ ಇದ್ದೀಯ" ಅಂದರೆ, "ಇದೂ ಒಲೇನೇ ಅವ್ವಾ, ಅರ್ಧ ಊರು ಇದ್ರ ಮುಂದೇನೇ ಕಾಯ್ತಾ ಕೂತಿರ್ತದೆ" ಅನ್ನುತ್ತಿದ್ದಳು.

ತಮಿಳು ಸೀಮೆಯ ಮೆಟ್ಟೂರು ಬಸ್ ಸ್ಟ್ಯಾಂಡಿನ ಹಿಂದುಗಡೆ ಅವಳ ಕಂಪ್ಯೂಟರ್ ಸೆಂಟರು. ನಾವೆಲ್ಲ ಸೆಂಟರಮ್ಮ ಅಂತಲೇ ಕರೆಯುತ್ತಿದ್ದೆವು. ನಮ್ಮ ಕಡೆಯ ಕನ್ನಡದವಳೇ. ಬಂದವರ ಹತ್ತಿರ ತಮಿಳು, ಬೈಯುವಾಗ ಕನ್ನಡ. ಬರುವವರ ಗೋಳೂ ಒಂದೇ: ಡೌನ್‌ಲೋಡ್ ಮಾಡಿದ್ದೆ, ಈಗ ಕಾಣಿಸುತ್ತಿಲ್ಲ. "ಅದಕ್ಕೇನು ಕಾಲು ಬಂದೈತಾ? ನೀನೆಲ್ಲಿ ಬಿಸಾಕಿದ್ಯೋ ಅಲ್ಲೇ ಬಿದ್ದಿರ್ತದೆ" ಅಂತ ಬೈದುಕೊಂಡೇ ಹುಡುಕಿ ಕೊಡುತ್ತಿದ್ದಳು. ಸಿಗದಿದ್ದರೆ ಸುಮ್ಮನೆ ನಾಳೆ ಬಾ, ನಾಡಿದ್ದು ಬಾ ಅಂತ ಅಲೆಸುತ್ತಿರಲಿಲ್ಲ. ಇಲ್ಲ ಅಂದುಬಿಡುತ್ತಿದ್ದಳು. ಅವಳಲ್ಲಿ ನನಗೆ ಹಿಡಿಸಿದ್ದೂ ಅದೇ, ನನ್ನನ್ನು ಸುಟ್ಟಿದ್ದೂ ಅದೇ.

ನನ್ನ ಸೊಸೆ ಹೊಟ್ಟೆಯಲ್ಲಿ ಗೆಡ್ಡೆಯಾಗಿ ಸತ್ತಳು. ನಮ್ಮಲ್ಲಿ ಮದುವೆಯ ಹೆಣ್ಣಿಗೆ ಅರಿಶಿನ ಹಚ್ಚುವಾಗ ಮೊದಲ ಸೋಬಾನೆ ಪದ ಹೆತ್ತವಳದು. ಅದು ಅವಳ ತವರಿನ ಪದ. ತಾಯಿಂದ ಮಗಳಿಗೆ ಬರಬೇಕು, ಅತ್ತೆಗೆ ಕಲಿಸುವಂತಿಲ್ಲ. ಹಾಗಾಗಿ ನನಗೆ ಬಾರದು. ಆ ತವರಲ್ಲಿ ಅದನ್ನು ಬಲ್ಲವಳು ಅಂತ ಉಳಿದಿದ್ದವಳು ಸೊಸೆಯೊಬ್ಬಳೇ. ಕಲಿತುಕೋ ಅಂದರೆ ಮೊಮ್ಮಗಳು ನಗುತ್ತಿದ್ದಳು, ಅವಳ ಬಾಯಿಗೆ ತಮಿಳೇ ಸಲೀಸು. ಇನ್ನು ಉಳಿಯುವುದಿಲ್ಲ ಅಂತ ತಿಳಿದ ಮೇಲೆ ಸೊಸೆ ಪದವನ್ನು ಫೋನಿನಲ್ಲಿ ಹಾಡಿ, ಮೊಮ್ಮಗಳ ಸ್ಕೂಲಲ್ಲಿ ಕೊಟ್ಟಿದ್ದ ಲ್ಯಾಪ್‌ಟಾಪಿಗೆ ಇಳಿಸಿದಳು. ಆಸ್ಪತ್ರೆಗೆ ಹೋಗುವಾಗ ಬಸ್ಸಲ್ಲಿ ಫೋನು ಕಳುವಾಯಿತು. "ಓಗ್ಲಿ ಬುಡಿ ಅತ್ತೆ, ಪದ ಮನೇಲೈತೆ" ಅಂದಳು. ಆ ಮಾತನ್ನೇ ನಂಬಿಕೊಂಡಿದ್ದೆವು. ಸತ್ತ ಮೇಲೆ ಅವಳ ದನಿ ಕೇಳುವ ಗಟ್ಟಿತನ ಯಾರಿಗೂ ಇರಲಿಲ್ಲ. ಅರಿಶಿನದ ದಿನ ಕೇಳಿದರಾಯಿತು ಅಂತ ಬಿಟ್ಟೆವು.

ಮೊಮ್ಮಗಳಿಗೆ ಅದಿಯಮಾನ್‌ಕೋಟೆಯ ಗಂಡು ಗೊತ್ತಾಯಿತು. ಲ್ಯಾಪ್‌ಟಾಪು ತೆಗೆದು ನೋಡಿದರೆ ಪದ ಇಲ್ಲ. ಮೊಮ್ಮಗಳು ಅನ್ನ ಬಿಟ್ಟು ಕೂತಳು. ಆ ಡಬ್ಬವನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ನಾನೇ ಬಸ್ಸು ಹತ್ತಿದೆ.

ಸೆಂಟರಮ್ಮ ಮೊದಲು ಡೌನ್‌ಲೋಡ್ ಆದದ್ದು ಬೀಳುವ ಜಾಗ ನೋಡಿದಳು. ಇಲ್ಲ. ಅಳಿಸಿದ್ದು ಬೀಳುವ ಕಸದ ಬುಟ್ಟಿ ನೋಡಿದಳು. ಇಲ್ಲ. ಆಮೇಲೆ ಇದುವರೆಗೆ ಏನೇನು ಇಳಿಸಿದ್ದಾರೆ ಅನ್ನುವ ಸಾಲುಗಳನ್ನು ತೆಗೆದಳು.

"ಅವ್ವಾ, ಇಲ್ಲಿ ನೋಡು. ಸೋಬಾನೆ ಅಂತ ಎಸರು ಐತೆ. ಮೇಲೆ ಗೀಟು ಎಳೆದೈತೆ. ಬಂದಿದ್ದು ನಿಜ, ಈಗ ಆ ಜಾಗದಾಗೆ ಇಲ್ಲ."

"ಯಾವನು ಅಳಿಸಿದ?"

"ಪೊರುಂಗವ್ವಾ", ತಾಳು ಅಂತ ತಮಿಳಲ್ಲೇ ನನ್ನ ಬಾಯಿ ಮುಚ್ಚಿಸಿ, ಕೊನೆಕೊನೆಗೆ ತೆರೆದು ನೋಡಿದವುಗಳ ಪಟ್ಟಿ ತೆಗೆದಳು. ಅಲ್ಲೂ ಅದೇ ಹೆಸರು. ಅದರ ಮೇಲೆ ಒತ್ತಿದಳು. ಏನೂ ತೆರೆಯಲಿಲ್ಲ. ಬಗ್ಗಿ ಓದಿದಳು. ಕೈ ಹಣೆಗೆ ಹೋಯಿತು.

"ಇದು ಪೆನ್‌ಡ್ರೈವ್‌ನಾಗಿಂದ ತೆಗೆದು ಕೇಳಿರೋದು. ಇಲ್ಲೊಂದು, ಅಲ್ಲೊಂದು ಕಾಪಿ ಮಾಡಿಲ್ಲ. ಇಲ್ಲಿಂದ ಎತ್ಕಂಡೇ ಓಗವ್ಳೆ ನಿನ್ನ ಸೊಸೆ. ಇದ್ರಾಗೆ ಉಳಿದಿರೋದು ಬರೀ ಎಜ್ಜೆ."

"ಅದೇನು ಡ್ರೈವು?"

"ಬೆರಳುದ್ದ ಇರ್ತದೆ. ನನ್ನತ್ರಾನೇ ತಗಂಡ್ಲು. ಫೋನು ಓದಂಗೆ ಇದೂ ಓದ್ರೆ ಅಂತ ಅಳ್ತಿದ್ಲು. ಕೊರಳಿಗೆ ಕಟ್ಕಳಮ್ಮ, ಕಳೆಯಲ್ಲ ಅಂದೆ..."

ನನ್ನ ಕೈ ನನ್ನ ಕೊರಳಿಗೇ ಹೋಗಿತ್ತು. ಸತ್ತ ದಿನ ಸೊಸೆಯ ಕೊರಳಲ್ಲಿ ಕರಿದಾರ, ದಾರದಲ್ಲಿ ಹಳದಿ ಬಟ್ಟೆ ಸುತ್ತಿದ ಸಣ್ಣ ಗಂಟು. ಮೀಯಿಸಿದ ಹೆಂಗಸರು ತಾಯಿತ ಅಂದುಕೊಂಡರು. ನಾನೂ ಅಂದುಕೊಂಡೆ. ನಮ್ಮಲ್ಲಿ ಸತ್ತವರ ತಾಯಿತ ಬಿಚ್ಚುವುದಿಲ್ಲ, ಅದು ಅವರ ಜೊತೆಯೇ ಹೋಗಬೇಕು. ಹೋಯಿತು. ಮಣ್ಣಿಗೆ ಹೋಯಿತು.

"ಅಗೆದು ತೆಗೆದ್ರೆ?" ಅಂದೆ. ಕೇಳಲು ನನಗೆ ನಾಚಿಕೆಯಾಗಲಿಲ್ಲ.

"ಎಷ್ಟು ಮಳೆ ನೀರು ಕುಡಿದೈತೋ ಅವ್ವಾ. ಅದು ಇನ್ನು ಆಡಲ್ಲ."

"ಆಡ್ತದೇನೋ ನೋಡಾನ ಅಂತ ಒಂದು ಮಾತು ಅಂದಿದ್ರೆ ನಿನ್ನ ಗಂಟೇನು ಓಗ್ತಿತ್ತೇ, ಮೂದೇವಿ?"

"ಅಂದಿದ್ರೆ ನೀನು ಇವತ್ತೇ ಗುದ್ದಲಿ ಇಡೀತಿದ್ದೆ. ಸೊಸೆ ಮೂಳೆ ನೋಡ್ತಿದ್ದೆ. ಪದ ಸಿಗ್ತಿರಲಿಲ್ಲ." ಅವಳ ಕಣ್ಣಲ್ಲಿ ನೀರಿತ್ತು. ಆದರೂ ಮಾತು ಬದಲಿಸಲಿಲ್ಲ.

ಅರಿಶಿನದ ದಿನ ತಾಯಿಯ ಪದದ ಹೊತ್ತು ಬಂತು. ಯಾರೋ ಫೋನಲ್ಲಿ ಸಿನಿಮಾ ಹಾಡು ಹಾಕಲು ಹೋದರು, ಕಿತ್ತುಕೊಂಡೆ. ಮೊಮ್ಮಗಳು ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಬರೀ ಬಳೆಯ ಸದ್ದಿನಲ್ಲಿ ಅರಿಶಿನ ಹಚ್ಚಿದೆವು. ಸೆಂಟರಮ್ಮ ಚಪ್ಪರದ ಕಂಬ ಹಿಡಿದು ನಿಂತಿದ್ದಳು. ಊಟಕ್ಕೆ ಕೂರಲಿಲ್ಲ. ಮೊಮ್ಮಗಳು ಪದ ಇಲ್ಲದೆ ಗಂಡನ ಮನೆಗೆ ಹೋದಳು. ನಾಳೆ ಅವಳಿಗೆ ಹೆಣ್ಣು ಹುಟ್ಟಿದರೆ ಅದಕ್ಕೂ ಇಲ್ಲ. ಅಲ್ಲಿಗೆ ಮುಗಿಯಿತು. ದೇವರು ಬೇರೆ ದಾರಿ ತೋರುತ್ತಾನೆ ಅಂದವರಿದ್ದರು. ತೋರಲಿಲ್ಲ.

ಈ ಬೇಸಿಗೆಯಲ್ಲಿ ಸೆಂಟರಮ್ಮನೂ ಹೋದಳು. ಎದೆ ಉರಿ ಅಂತ ಅಂಗಡಿಯ ಬೆಂಚಿನ ಮೇಲೆ ಒರಗಿದವಳು ಏಳಲೇ ಇಲ್ಲ. ನಾನು ಹೋಗುವ ಹೊತ್ತಿಗೆ ಮೀಯಿಸಿ ಮಲಗಿಸಿದ್ದರು. ಹಣೆಯನ್ನು ಮಸಿ ಇಲ್ಲದಂತೆ ತಿಕ್ಕಿದ್ದರು. ಬೇರೆ ಯಾರೋ ಅನ್ನಿಸಿತು. ಕೊರಳಲ್ಲಿ ಕರಿದಾರ, ದಾರದಲ್ಲಿ ಒಂದು ಗಂಟು.

ಎತ್ತಲು ಬಗ್ಗಿದವರಿಗೆ "ತಡೀರಿ" ಅಂದೆ. ಗಂಟಿಗೆ ಕೈ ಹಾಕಿದೆ.

"ಅಯ್ಯೋ ಅಜ್ಜಿ, ತಾಯಿತ! ಬಿಚ್ಚಬಾರ್ದು!" ಅಂತ ಹೆಂಗಸರು ಕೂಗಿದರು.

"ಬಿಚ್ಚದೆ ಕಳಿಸಿದ್ರೆ ಏನಾಯ್ತದೆ ಅಂತ ನನಗೆ ಗೊತ್ತೈತೆ. ಸುಮ್ಕಿರ್ರೇ" ಅಂದೆ.

ಬೆರಳಿಗೆ ಬಗ್ಗಲಿಲ್ಲ, ಹಲ್ಲಲ್ಲಿ ಕಚ್ಚಿ ಬಿಚ್ಚಿದೆ. ಸೆಂಟರಮ್ಮನ ಸಣ್ಣ ಹೆಣ್ಣುಮಗು ಅಳು ನಿಲ್ಲಿಸಿ ಪಕ್ಕಕ್ಕೆ ಬಂದು ಕೂತಿತು. ನನ್ನ ಸೊಸೆಯ ಕಥೆ ಅದಕ್ಕೂ ಗೊತ್ತಿತ್ತು. ಒಳಗೆ ಸುರುಳಿ ಸುತ್ತಿದ ತಾಮ್ರದ ತಗಡು, ಚಿಟಿಕೆ ವಿಭೂತಿ. ತಾಯಿತವೇ. ಬಟ್ಟೆ ಕೊಡವಿದೆ, ತಿರುಗಿಸಿ ನೋಡಿದೆ. ಮತ್ತೆ ಕಟ್ಟಿದೆ.

"ಅಮ್ಮ ನನಗೇನಾದ್ರೂ ಇಕ್ಕವ್ಳಾ, ಅಜ್ಜಿ?" ಅಂತು. ಕಣ್ಣು ನನ್ನ ಮುಖದ ಮೇಲೇ ನೆಟ್ಟಿತ್ತು.

ಏನಾದರೊಂದು ಹೇಳಿಬಿಡೋಣ ಅಂತ ಬಾಯಿಗೆ ಬಂತು. ಸೆಂಟರಮ್ಮನ ಕಡೆ ನೋಡಿದೆ.

"ಇಲ್ಲ" ಅಂದೆ.