ಪಾದುವಾದಲ್ಲಿ ಹೇಳದ ಹೆಸರು

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಮುದುಕನಾದೆ. ಆಗ ನನಗೆ ಹತ್ತು ವರ್ಷ; ಅಪ್ಪ ಕೊಲ್ಲಿ ನಾಡಿನ ಮೀನಾ ಅಲ್ ಅಹ್ಮದಿಯ ಎಣ್ಣೆ ರಿಫೈನರಿಯಲ್ಲಿದ್ದರು. ಆ ಕಾಲದಲ್ಲಿ ಮನೆಗೆಲಸದವರ ಪಾಸ್‌ಪೋರ್ಟ್ ಯಜಮಾನರ ಕಪಾಟಿನಲ್ಲಿರುವುದು ವಾಡಿಕೆ. ನನ್ನನ್ನೂ ತಂಗಿಯನ್ನೂ ಸಾಕಿದವಳದೂ ಅಲ್ಲೇ ಇತ್ತು. ಅವಳು ಸಂಬಂಧಿಯಲ್ಲ, ಊರ ಕಡೆಯ ವಿಧವೆ. ಆದರೂ ಚಿಕ್ಕಮ್ಮನನ್ನು ಕರೆಯುವಂತೆ ಮಾವ್ಶಿ ಎನ್ನುತ್ತಿದ್ದೆವು. ಅವಳ ಕೈಗೆ ತೆಂಗಿನೆಣ್ಣೆಯ ವಾಸನೆ.

ಒಂದು ಬೇಸಿಗೆಯಲ್ಲಿ ಅಪ್ಪ ನಮ್ಮನ್ನು ಇಟಲಿಯ ಪಾದುವಾಕ್ಕೆ, ಸಂತ ಅಂತೋನಿಯ ಊರಿಗೆ, ಕರೆದೊಯ್ದರು. ತಂಗಿಯನ್ನು ಎತ್ತಿಕೊಳ್ಳಲು ಮಾವ್ಶಿಯೂ ಬಂದಳು. ಕಳೆದದ್ದನ್ನು ಹುಡುಕಿಕೊಡುವ ಆ ಸಂತನ ಗೋರಿಗೆ ಕೈಯಿಟ್ಟು, ಊರಲ್ಲಿ ಬಿಟ್ಟುಬಂದ ಮಗಳಿಗಾಗಿ ಬೇಡಬೇಕೆಂಬುದೊಂದೇ ಅವಳ ಆಸೆ. ತಲುಪಿದ ಸಂಜೆ ನಮ್ಮೂರ ಕಡೆಯ ಸಿಸ್ಟರೊಬ್ಬರು ಸಿಕ್ಕಿದರು. ಇಲ್ಲೇ ಏನಾದರೂ ಕೆಲಸ ಸಿಗಬಹುದೇ ಎಂದು ಮಾವ್ಶಿ ಅವರನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. ಬಿಟ್ಟುಹೋಗುತ್ತಾಳೆಂದು ಹೆದರಿ, ಅಪ್ಪನ ಚೀಲದಿಂದ ಅವಳ ಪಾಸ್‌ಪೋರ್ಟ್ ಕದ್ದು ಬನಿಯನ್ನಿನೊಳಗೆ ಅಡಗಿಸಿದೆ.

ಬೆಳಿಗ್ಗೆ ಅಪ್ಪ ಚೀಲ ನೋಡಿದರೆ ಒಂದು ಪಾಸ್‌ಪೋರ್ಟ್ ಕಡಿಮೆ.

"ಓಡಿಹೋಗಲಿಕ್ಕೆ ನೀನೇ ತೆಗೆದದ್ದು," ಎಂದರು ಅಪ್ಪ.

"ಮಗಳ ಆಣೆ ಧನಿಗಳೇ, ನಾನು ಮುಟ್ಟಲಿಲ್ಲ."

"ಖಲಾಸ್. ಸಿಗುವವರೆಗೆ ರೂಮಿನಿಂದ ಹೊರಗೆ ಇಲ್ಲ."

ಬಾಗಿಲಿಗೆ ಬೀಗ ಬೀಳುವ ಮೊದಲು ಅವಳು ನನ್ನತ್ತ ಬಾಗಿದಳು. "ಬಾಬಾ, ಅಲ್ಲಿ ಕೈ ಇಡುವಾಗ ನನ್ನ ಹೆಸರೂ ಹೇಳು, ಆಯ್ತಾ?"

ದಿನವಿಡೀ ಊರು ನೋಡಿದೆವು. ಕಾಲುವೆಯ ಸುತ್ತ ಸಾಲು ನಿಂತ ಕಲ್ಲಿನ ಪ್ರತಿಮೆಗಳು. ಹಳೆಯ ಸಭಾಭವನದಲ್ಲಿ ಆನೆಯನ್ನೂ ಮೀರಿಸುವ ಮರದ ಕುದುರೆ. ಐಸ್‌ಕ್ರೀಂ ಕರಗಿ ಮೊಣಕೈಗೆ ಇಳಿಯಿತು. ಬೆವರಿಗೆ ಪಾಸ್‌ಪೋರ್ಟ್ ಎದೆಗೆ ಅಂಟಿಕೊಂಡಿತ್ತು, ಬಗ್ಗಿದರೆ ಚುಚ್ಚುತ್ತಿತ್ತು. ಗೋರಿಯ ತಣ್ಣನೆಯ ಕಲ್ಲಿಗೆ ಎಲ್ಲರೂ ಕೈಯಿಟ್ಟರು. ನಾನು ಇಡಲಿಲ್ಲ. ಅವಳ ಹೆಸರು ಹೇಳಿದರೆ ಸಂತನು ನನ್ನ ಅಂಗಿಯೊಳಗಿನದನ್ನು ತೋರಿಸಿಕೊಡುತ್ತಾನೆಂದು ಭಯ.

ಮರುದಿನ ಹೊರಡುವಾಗ ಅದನ್ನು ಮಂಚದಡಿಗೆ ತಳ್ಳಿದೆ. ಸಿಕ್ಕಿತು. ಅಂತೋನಿಯದೇ ಪವಾಡ ಎಂದರು ಅಪ್ಪ. ಇಗರ್ಜಿಗೆ ಹೋಗಲು ಸಮಯವಿರಲಿಲ್ಲ, ರೈಲು ಕಾದಿತ್ತು. ದೂರದ ಗುಮ್ಮಟಗಳನ್ನು ನೋಡುತ್ತ ಮಾವ್ಶಿ, ಹೆಸರು ಹೇಳಿದೆಯಾ ಎಂದಳು. ಹೇಳಿದೆ ಎಂದೆ. ಆದರೂ ಅನುಮಾನ ಹೋಗದೆ, ತಿಂಗಳೊಳಗೆ ಅಪ್ಪ ಅವಳನ್ನು ಊರಿಗೆ ಕಳುಹಿಸಿಬಿಟ್ಟರು. ಯಾರನ್ನು ಉಳಿಸಿಕೊಳ್ಳಲೆಂದು ಕದ್ದೆನೋ ಅವಳನ್ನೇ ಕಳೆದುಕೊಂಡೆ.

ಈಗ ನಾನು ಅದೇ ಕೊಲ್ಲಿ ನಾಡಿನ ರುಮೈಥಿಯಾದಲ್ಲಿ ಮಗನ ಮನೆಯಲ್ಲಿದ್ದೇನೆ. ಹೊರಗೆ ಕಾಲಿಡಲಾಗದ ಬಿಸಿಲು. ನನ್ನ ಪಾಸ್‌ಪೋರ್ಟ್ ಅವನ ಕಪಾಟಿನಲ್ಲಿದೆ. ಕೇಳಲು ನಾಲಿಗೆ ಏಳುವುದಿಲ್ಲ. ಆ ಕೈಯ ವಾಸನೆ ಎಷ್ಟು ನೆನೆದರೂ ಮರಳುವುದಿಲ್ಲ. ಆ ಕಲ್ಲಿನ ಮುಂದೆ ನಾನು ನುಂಗಿದ ಹೆಸರು ಮಾತ್ರ ಉಳಿದಿದೆ.

ಕಾರ್ಮಿನ್.