ಮೂರು ಎಚ್‌ಪಿ ಗಿಟಾರ್

ಶಿವಮೊಗ್ಗದಲ್ಲಿ ಕೊಂಡ ಅಗ್ಗದ ಎಲೆಕ್ಟ್ರಿಕ್ ಗಿಟಾರ್ ನೋಡೋಕೇನೋ ಚಂದ, ಆಂಪ್‌ಗೆ ಸಿಕ್ಕಿಸಿದರೆ ಜೇನುಗೂಡಿನ ಗುಂಯ್. ತಂತಿಯ ದನಿ ಹಿಡಿಯುವ ಪಿಕಪ್ಪನ್ನೇ ಅಪ್‌ಗ್ರೇಡ್ ಮಾಡಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ ಭದ್ರಾವತಿಯ ಆರ್ಕೆಸ್ಟ್ರಾದಲ್ಲಿ ನಾನು ನುಡಿಸಬೇಕಾದ ದಿನ ಬಂತು. ಅವತ್ತು ಮಧ್ಯಾಹ್ನ ಗಿಟಾರು, ಆಂಪು ಹೊತ್ತುಕೊಂಡು ಓಲ್ಡ್ ಟೌನಿನಲ್ಲಿ ಮೋಟಾರ್ ರಿವೈಂಡಿಂಗ್ ಮಾಡುವ ಸಲೀಂ ಭಾಯ್ ಹತ್ತಿರ ಹೋದೆ. ಗಿಟಾರನ್ನು ಪಂಪ್‌ಸೆಟ್ಟುಗಳ ನಡುವೆ ಮಲಗಿಸಿ ಬಿಚ್ಚಿದರು.

"ಕಾಯಿಲ್ ಗಟ್ಟಿಯಾಗೇ ಇದೆ ಮಾರಾಯ್ರೇ. ಅರ್ತಿಂಗ್ ವೈರಿಗೆ ಬೆಸುಗೇನೇ ಹಾಕಿಲ್ಲ!"

ಒಂದೇ ಬೆಸುಗೆ. ಗುಂಯ್ ಅನ್ನೋದು ನಿಂತಿತು. ಮೀಟಿದೆ ನೋಡಿ, ಬೀದಿಯ ಆಟೋದವರೆಲ್ಲ ತಿರುಗಿದರು!

ಸಲೀಂ ಭಾಯ್ ರಿಪೇರಿಯಾದ ಪ್ರತಿ ಮೋಟಾರಿಗೂ ಬಂದ ಊರು, ಎಷ್ಟು ಕುದುರೆಶಕ್ತಿ ಅಂತ ಬರೆಯುವಂತೆ, ಗಿಟಾರಿನ ಬೆನ್ನಿಗೂ ಹಳದಿ ಪೇಂಟಿನಲ್ಲಿ ಬರೆದೇಬಿಟ್ಟರು: 'ಶಿವಮೊಗ್ಗ, 3 ಎಚ್‌ಪಿ, ಓಕೆ.'

ಸಂಜೆ ಬಿದ್ದ ಚಪ್ಪಾಳೆ ಕೇಳಿದ ಮೇಲೆ, ಎಚ್‌ಪಿ ಸ್ವಲ್ಪ ಕಮ್ಮಿ ಬರೆದರು ಅನ್ನಿಸಿತು.