ಐಬು ಮೊದಲು ಹೇಳುವ ದಲಾಲಿ

ದಲಾಲಿ ಕಾಕಾನ ಬಲಗೈ ಮೇಲೆ ಸದಾ ಒಂದು ಕೆಂಪಂಚಿನ ಟವೆಲು. ನಡುವೆ ಸವೆದು, ಬಿಸಿಲಿಗೆ ಹಿಡಿದರೆ ಆಚೆಯವರ ಮುಖ ಕಾಣುವಷ್ಟು ತೆಳ್ಳಗಾಗಿತ್ತು. ದನದ ಸಂತೆಯಲ್ಲಿ ಕೊಳ್ಳುವವರೂ ಮಾರುವವರೂ ಅದರ ಕೆಳಗೆ ಕೈಯಿಟ್ಟು, ಅವನ ಬೆರಳು ಹಿಡಿದು, ಪರರಿಗೆ ಕಾಣದಂತೆ ಬೆಲೆ ತಿಳಿಸುತ್ತಿದ್ದರು. ಶಹಾಪುರ, ಸುರಪುರದ ರೈತರು ಉಳಿದ ದಲಾಲರನ್ನು ಬಿಟ್ಟು ಕಾಕಾನನ್ನೇ ಹುಡುಕಿ ಬರುತ್ತಿದ್ದರು. ಅವನು ಎತ್ತಿನ ಗುಣಕ್ಕಿಂತ ಮೊದಲು ಐಬು ಹೇಳುವವನು.

"ಎಡಗಡಿ ಎತ್ತು ನೀರ್ ಕಂಡ್ರ ಕುಂದ್ರತದ. ಆಮ್ಯಾಲ ನನ್ನ ಅನಬ್ಯಾಡ್ರಿ."

ಮಾರುವವನು ಸಿಡುಕಿದರೆ, "ಎತ್ತಿಗಿ ಬಾಯಿಲ್ಲಪಾ, ಅದಕ್ಕ ನಾ ಹೇಳ್ಬೇಕಾಗ್ತದ" ಎನ್ನುತ್ತಿದ್ದ.

ನಮಗೆ ರಕ್ತಸಂಬಂಧಿಯಲ್ಲ, ಶಹಾಪುರದಲ್ಲಿ ಪಕ್ಕದ ಮನೆಯವನು. ಅದು ನಿಜಾಮರ ಕೊನೆಗಾಲ. ನಾನು ಉರ್ದು ಕಲಿತು ಕಚೇರಿಯಲ್ಲಿ ಉಮೇದವಾರನಾಗಿದ್ದೆ. ಅಂದರೆ ಎಂದಾದರೂ ಜಾಗ ಖಾಲಿಯಾದೀತೆಂದು ಸಂಬಳವಿಲ್ಲದೆ ದುಡಿಯುವವನು. ಇಪ್ಪತ್ತು ದಾಟಿ ಮೂವತ್ತರ ಕಡೆ ಹೊರಟಿದ್ದೆ. "ಖಾಯಂ ಆತೇನು?" ಎಂದು ಕೇಳುವವರಿಗೆ ಅಂಜಿ ಹಿಂದಿನ ಓಣಿಯಿಂದ ಮನೆಗೆ ಬರುತ್ತಿದ್ದೆ. ಮನೆಯಲ್ಲಿ ಅವ್ವನದು ಇನ್ನೊಂದು ರಾಗ: "ನಿನ್ನ ವಾರಿಗಿಯವ್ರು ಮಕ್ಕಳನ್ನ ಎತ್ಗೊಂಡು ತಿರಗಾಕತ್ತಾರ."

ಅವ್ವನೇ ಸುರಪುರದ ಒಂದು ಮನೆಗೆ, ಮಗ ನೌಕರಿಯಲ್ಲಿದ್ದಾನೆ ಎಂದು ಹೇಳಿ ಕಳಿಸಿದಳು. ಅಪ್ಪನಿರಲಿಲ್ಲ. ಹೆಣ್ಣು ನೋಡಲು ಹೋದಾಗ ಹಿರಿಯನಾಗಿ ಕಾಕಾ ಬಂದ. ಹೆಣ್ಣಿನ ತಂದೆ ಕಾಕಾನ ಹಳೆಯ ಗಿರಾಕಿ. ಸಜ್ಜಕ ತಿಂದಾದ ಮೇಲೆ ನಗುತ್ತ ಕೇಳಿದರು: "ನೀವು ಐಬು ಮೊದ್ಲು ಹೇಳಾವ್ರು. ಹುಡುಗನ ಐಬು ಏನದ, ಹೇಳಿಬಿಡ್ರಿ."

ಕಾಕಾ ನನ್ನ ಮುಖ ನೋಡಿದ. ತಾಟಿನಿಂದ ಒಂದು ವೀಳ್ಯದೆಲೆ ಆರಿಸಿ, ತೊಟ್ಟು ಮುರಿದು, ಸುಣ್ಣ ಹಚ್ಚತೊಡಗಿದ. ಹಚ್ಚಿದ, ಹಚ್ಚಿದ. ಬಾಗಿಲ ಹಿಂದೆ ಹಸಿರು ಸೀರೆಯ ಅಂಚು ಅಲುಗಿತು. ಹುಡುಗಿ ಆಗಲೇ ನನ್ನ ಮನಸ್ಸಿಗೆ ಬಂದಿದ್ದಳು. ನಾನು ಹಿತ್ತಾಳೆಯ ತಾಟನ್ನು ನೋಡುತ್ತ ಕುಳಿತೆ.

"ಸಿಟ್ಟು ಜರಾ ಜಾಸ್ತಿ. ಮತ್ತೇನಿಲ್ಲ" ಎಂದ ಕಾಕಾ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಅದೂ ಸುಳ್ಳೇ. ಸಿಟ್ಟು ಮಾಡುವ ಧೈರ್ಯವಾದರೂ ನನಗೆಲ್ಲಿತ್ತು?

ಮದುವೆಯಾದ ಕೆಲವು ತಿಂಗಳಿಗೆ ಮಾವ ಯಾವುದೋ ಕೆಲಸಕ್ಕೆ ಕಚೇರಿಗೆ ಬಂದಾಗ ನನ್ನ ನೌಕರಿಯ ನಿಜ ತಿಳಿಯಿತು. ನನಗೆ ಒಂದು ಮಾತೂ ಅನ್ನಲಿಲ್ಲ. ಹೆಣ್ಣು ಕೊಟ್ಟವರು ಅಳಿಯನಿಗೆ ಏನೆಂದಾರು? ಸಿಟ್ಟೆಲ್ಲ ಕಾಕಾನ ಮೇಲೆ ತಿರುಗಿತು. ಸುರಪುರದ ಸಂತೆಯಲ್ಲಿ ನಾಲ್ಕು ಜನರ ನಡುವೆ ನಿಂತು ಹೇಳಿದರು: "ನನ್ನ ಮಗಳ ವಿಷಯದಾಗ ಸುಳ್ಳಾಡಿದಾವ, ಎತ್ತಿನ ವಿಷಯದಾಗ ಖರೇ ಆಡ್ತಾನೇನು?"

ನಾನು ಅಲ್ಲೇ ಬೇವಿನ ಮರದ ಬುಡದಲ್ಲಿದ್ದೆ. ನಾಲ್ಕು ಹೆಜ್ಜೆ ಮುಂದೆ ಬಂದು, "ಬಾಯಿ ಮುಚ್ಚಿಕೊಂಡು ಕೂತವನು ನಾನು" ಎಂದಿದ್ದರೆ ಸಾಕಿತ್ತು. ಕಾಕಾ ಟವೆಲು ಹೊದಿಸಿದ ಕೈ ಚಾಚಿಯೇ ನಿಂತಿದ್ದ. ಅದರ ಕೆಳಗೆ ಯಾರೂ ಕೈಯಿಡಲಿಲ್ಲ. ನಾನು ಮರದ ಆಚೆ ಬದಿಯಿಂದ ಮನೆಗೆ ಬಂದುಬಿಟ್ಟೆ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ನಿಜಾಮರ ಆಳ್ವಿಕೆ ಹೋದ ಮೇಲೆ ಗುರುಮಠಕಲ್ ಕಡೆಯ ಹಳ್ಳಿಯೊಂದರಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು. ಪೇಢೆ ಹಿಡಿದು ಕಾಕಾನ ಮನೆಗೆ ಹೋದೆ. ಗಿರಾಕಿಗಳಿಲ್ಲದೆ ಸಂತೆಯನ್ನೇ ಬಿಟ್ಟಿದ್ದ ಅವನು ಕಟ್ಟೆಯ ಮೇಲೆ ಕುಳಿತು ಎತ್ತಿನ ಮೂಗುದಾರ ಹೊಸೆಯುತ್ತಿದ್ದ. ಖುಷಿಯಿಂದ ತಿಂದ. ನಾನು ತಡೆಯಲಾರದೆ ಕೇಳಿದೆ: "ನನ್ನ ಸಲುವಾಗಿ ಯಾಕ ಸುಳ್ಳಾಡಿದಿ ಕಾಕಾ?"

"ನೀ ಹೇಳ್ತಿ ಅಂತ ದಾರಿ ನೋಡಿದ್ನಪಾ. ಎಲಿಗಿ ಎಷ್ಟೊತ್ತು ಸುಣ್ಣ ಹಚ್ಚಿದೆ, ನೋಡ್ಲಿಲ್ಲೇನು? ಎತ್ತಿಗಿ ಬಾಯಿಲ್ಲ. ನಿನಗಿತ್ತು." ಸಿಟ್ಟಿಲ್ಲದೆ ಹೇಳಿ, ಮತ್ತೆ ಹಗ್ಗಕ್ಕೆ ಕೈ ಹಚ್ಚಿದ.

ಆ ವರ್ಷ ಜೋಳದ ರಾಶಿಯ ಹೊತ್ತಿಗೆ ಕಾಕಾ ತೀರಿಕೊಂಡ. ಮಣ್ಣು ಕೊಡಲು ಮಾವನೂ ಬಂದಿದ್ದರು. ಎಲ್ಲರ ಎದುರಿಗೆ ನಾನು ನಡೆದದ್ದನ್ನು ನಡೆದಂತೆ ಹೇಳಿದೆ. ಮಾವ ಬಗ್ಗಿ, ಕುಣಿಗೆ ಒಂದು ಹಿಡಿ ಮಣ್ಣು ಹಾಕಿದರು.

"ಇದನ್ನ ಸಂತ್ಯಾಗ ಹೇಳ್ಬೇಕಿತ್ರಿ, ಮಾಸ್ತರ್ರ" ಎಂದರು.